ನೀತಿಗೊಂದು ಪಿರಿಯಡ್ಡು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಗಾದೆ ಹುಟ್ಟಿದ ಕಾಲಕ್ಕೆ ನಮ್ಮ ಶಿಕ್ಷಣ ಇಲಾಖೆ ಇರಲಿಲ್ಲ, ಇದ್ದಿದ್ದರೆ ಅದನ್ನು ನೋಡಿಯೇ ಕಟ್ಟಿದ್ದು ಅಂತ ಧೈರ್ಯವಾಗಿ ಹೇಳಬಹುದಿತ್ತು. ಯಾರೋ ಅಧಿಕಾರಿಯ ಮನೆಯಲ್ಲಿ ಲೋಕಾಯುಕ್ತದವರಿಗೆ ನೋಟಿನ ಕಟ್ಟು ಸಿಗುತ್ತೆ. ಇನ್ಯಾರೋ ನೇಮಕಾತಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾರಿಕೊಂಡು ಸಿಕ್ಕಿಬೀಳ್ತಾನೆ. ಅವತ್ತು ರಾತ್ರಿ ಟಿವಿ ಚರ್ಚೆಯಲ್ಲಿ ಶಾಲು ಹೊದ್ದ ಹಿರಿಯರೊಬ್ಬರು ನಿಟ್ಟುಸಿರು ಬಿಟ್ಟು, "ಮೌಲ್ಯಗಳು ಕುಸಿಯುತ್ತಿವೆ, ಶಾಲೆಗಳಲ್ಲಿ ನೀತಿ ಪಾಠ ಕಡ್ಡಾಯ ಮಾಡಬೇಕು" ಅಂತಾರೆ. ಕೂತವರೆಲ್ಲ ತಲೆದೂಗ್ತಾರೆ. ಸಿಕ್ಕಿಬಿದ್ದವನ ವಯಸ್ಸು ಐವತ್ತೈದು. ನೀತಿ ಪಾಠ ಮಾತ್ರ ಐದನೇ ಕ್ಲಾಸಿನ ಹುಡುಗಿಗೆ!

ಅಲ್ಲಾ ಸ್ವಾಮಿ, ಆ ಹುಡುಗಿ ಏನು ಮಾಡಿದ್ಲು?

ಇದು ಇವತ್ತು ನಿನ್ನೆಯ ಚಾಳಿ ಅಲ್ಲ. 1959ರಲ್ಲಿ ಕೇಂದ್ರ ಸರ್ಕಾರ ಶ್ರೀಪ್ರಕಾಶ ಅವರ ಅಧ್ಯಕ್ಷತೆಯಲ್ಲಿ ಧಾರ್ಮಿಕ ಮತ್ತು ನೈತಿಕ ಶಿಕ್ಷಣದ ಬಗ್ಗೆ ಸಮಿತಿ ಮಾಡಿತ್ತು. ಆಮೇಲೆ 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವೂ ಶಾಲೆಯ ವೇಳಾಪಟ್ಟಿಯಲ್ಲಿ ಮೌಲ್ಯಗಳಿಗೆ ಜಾಗ ಬೇಕು ಅಂದಿತು. ಅಂದಿನಿಂದ ಇಂದಿನವರೆಗೆ ಸರ್ಕಾರ ಯಾವುದೇ ಇರಲಿ, ನಾಲ್ಕಾರು ವರ್ಷಕ್ಕೊಮ್ಮೆ ಯಾರಿಗಾದರೂ ಈ ಯೋಚನೆ ಹೊಸದಾಗಿ ಹೊಳೆಯುತ್ತೆ. 2022ರ ಮಾರ್ಚ್‌ನಲ್ಲಿ ಗುಜರಾತ್ ಸರ್ಕಾರ ಆರರಿಂದ ಹನ್ನೆರಡನೇ ತರಗತಿವರೆಗೆ ಭಗವದ್ಗೀತೆ ಅಂತ ಘೋಷಿಸಿತು. ಕೂಡಲೇ ನಮ್ಮಲ್ಲೂ ಗೀತೆ ಕಲಿಸುವ ಮಾತು ಎದ್ದಿತು. 2023ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮಠಾಧೀಶರು, ಶಿಕ್ಷಣ ತಜ್ಞರು ಸೇರಿ ನೈತಿಕ ಶಿಕ್ಷಣದ ಬಗ್ಗೆ ಸಮಾಲೋಚನೆ ನಡೆಸಿದರು. ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಜೂನ್‌ನಲ್ಲಿ ಹೊಸ ಸಂಪುಟ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದೋದನ್ನು ಕಡ್ಡಾಯ ಮಾಡಿತು.

ಗೀತೆ ಬೇಕೋ ಪೀಠಿಕೆ ಬೇಕೋ ಅಂತ ನಾವು ಕಚ್ಚಾಡಿದ್ದೇ ಕಚ್ಚಾಡಿದ್ದು. ನನ್ನ ಮಟ್ಟಿಗೆ ಹೇಳೋದಾದರೆ, ಸರ್ಕಾರಿ ಶಾಲೆಯಲ್ಲಿ ಎಲ್ಲರಿಗೂ ಸೇರಿದ ಮಾತು ಅಂತ ಒಂದಿದ್ದರೆ ಅದು ಪೀಠಿಕೆಯೇ. ಪೂರ್ತಿಯಾಗಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಅಂತ ಸಂವಿಧಾನದ 28ನೇ ವಿಧಿ ಸ್ಪಷ್ಟವಾಗಿ ಹೇಳಿದೆ. ಅದು ಬೇರೆ ವಾದ, ಇರಲಿ ಬಿಡಿ. ನಾನು ಹೇಳಹೊರಟಿದ್ದು ಇಬ್ಬರೂ ಒಪ್ಪಿಕೊಂಡಿರೋ ವಿಷಯದ ಬಗ್ಗೆ. ಎರಡು ಕಡೆಯವರಿಗೂ ಗೊತ್ತಿರೋ ವಿಧಾನ ಒಂದೇ. ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸು, ಒಬ್ಬ ಮುಂದೆ ನಿಂತು ಹೇಳಲಿ, ಉಳಿದವರು ಹಿಂದಿನಿಂದ ಒಪ್ಪಿಸಲಿ. ಒಪ್ಪಿಸಿದ ಮೇಲೆ ಮೌಲ್ಯ ಒಳಗಿಳಿಯಿತು ಅಂತ ಲೆಕ್ಕ. ಪುಸ್ತಕ ಬದಲಾಯಿತೇ ಹೊರತು ಬಾಯಿಪಾಠ ಬದಲಾಗಲಿಲ್ಲ.

ಬಾಯಿಪಾಠದಿಂದ ನಡತೆ ಬರುತ್ತಾ? ಇದನ್ನು ಊಹೆಯಿಂದ ಹೇಳಬೇಕಾಗಿಲ್ಲ. ಸುಮಾರು ನೂರು ವರ್ಷದ ಹಿಂದೆಯೇ ಅಮೆರಿಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಅನ್ನೋ ಇಬ್ಬರು ವಿದ್ವಾಂಸರು ಹತ್ತು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳನ್ನು ಪರೀಕ್ಷೆ ಮಾಡಿ ನೋಡಿದ್ದರು. 1928ರಿಂದ 1930ರ ನಡುವೆ ಮೂರು ಸಂಪುಟಗಳಲ್ಲಿ ಅದರ ವರದಿ ಬಂತು. ಕದಿಯೋಕೆ, ಸುಳ್ಳು ಹೇಳೋಕೆ, ಉತ್ತರ ತಿದ್ದಿಕೊಳ್ಳೋಕೆ ಅವಕಾಶ ಇರುವ ಸಂದರ್ಭಗಳನ್ನು ಸೃಷ್ಟಿಸಿ, ಮಕ್ಕಳು ಏನು ಮಾಡ್ತಾರೆ ಅಂತ ನೋಡೋದು ಅವರ ಕ್ರಮ. ಅವರು ಕಂಡುಕೊಂಡದ್ದು ಇಷ್ಟು. ಯಾವುದು ಸರಿ ಯಾವುದು ತಪ್ಪು ಅಂತ ಬಾಯಲ್ಲಿ ಚೆನ್ನಾಗಿ ಹೇಳಬಲ್ಲ ಮಗುವೇ ಪ್ರಾಮಾಣಿಕವಾಗಿ ನಡೆದುಕೊಳ್ಳುತ್ತೆ ಅನ್ನೋಕೆ ಆಗಲ್ಲ. ಒಂದು ಕಡೆ ಮೋಸ ಮಾಡಿದ ಹುಡುಗ ಇನ್ನೊಂದು ಕಡೆ ಮಾಡಲ್ಲ. ಸಂದರ್ಭ ಹೇಗಿದೆ, ಜೊತೆಯ ಗುಂಪು ಹೇಗಿದೆ ಅನ್ನೋದರ ಮೇಲೆ ನಡತೆ ನಿಂತಿದೆ. ಮಕ್ಕಳನ್ನು ಒಳ್ಳೆಯವರು, ಕೆಟ್ಟವರು ಅಂತ ಎರಡು ಸಾಲು ಮಾಡೋದೇ ಮೂರ್ಖತನ ಅನ್ನೋ ತೀರ್ಮಾನಕ್ಕೆ ದಾರಿ ಅದು.

ಅಮೆರಿಕದ ಮಾತು ನಮಗೆ ಯಾಕೆ ಅಂತೀರಾ? ಸರಿ, ನಮ್ಮ ಎಸ್ಸೆಸ್ಸೆಲ್ಸಿಗೆ ಬನ್ನಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇಕಡಾ 83.89. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಸಿಸಿಟಿವಿ ಹಾಕಿ, ಅದನ್ನು ಕಚೇರಿಯಲ್ಲಿ ಕೂತು ನೋಡುವ ವೆಬ್‌ಕಾಸ್ಟಿಂಗ್ ವ್ಯವಸ್ಥೆ ತಂದರು. ಫಲಿತಾಂಶ ಶೇಕಡಾ 73.40ಕ್ಕೆ ಬಂತು. ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ! ಫಲಿತಾಂಶ ಇಳಿಯೋಕೆ ಕಾರಣ ಹತ್ತಾರು ಇರಬಹುದು. ಎಲ್ಲ ಮಕ್ಕಳೂ ಕಾಪಿ ಹೊಡೆದೇ ಪಾಸಾಗ್ತಿದ್ರು ಅಂತ ನಾನು ಹೇಳ್ತಿಲ್ಲ. ಕಷ್ಟಪಟ್ಟು ಓದಿದ ಹಳ್ಳಿ ಮಕ್ಕಳಿಗೆ ಆ ಮಾತು ಅವಮಾನ. ಆದರೆ ಕ್ಯಾಮೆರಾ ಬಂದದ್ದರಿಂದ ವ್ಯತ್ಯಾಸ ಆಯ್ತು ಅನ್ನೋದನ್ನು ಯಾವ ಮೇಷ್ಟ್ರೂ ಅಲ್ಲಗಳೆಯಲ್ಲ.

ಈಗ ಯೋಚನೆ ಮಾಡಿ. ಪರೀಕ್ಷಾ ಹಾಲಿನಲ್ಲಿ ಉತ್ತರ ಹೇಳಿಕೊಟ್ಟವರು ಯಾರು? ಕಿಟಕಿಯಿಂದ ಚೀಟಿ ಎಸೆದವರು ಯಾರು? ಮಕ್ಕಳಾ? ಶಾಲೆಗೆ ನೂರಕ್ಕೆ ನೂರು ಬರಬೇಕು ಅಂತ ಒತ್ತಡ ಹಾಕಿದ್ದು, ತಾಲೂಕಿಗೆ ಎಷ್ಟನೇ ಸ್ಥಾನ, ಜಿಲ್ಲೆಗೆ ಎಷ್ಟನೇ ಸ್ಥಾನ ಅಂತ ಪಟ್ಟಿ ಹಿಡಿದು ಹೆಡ್ಮಾಸ್ಟರುಗಳನ್ನು ಮೀಟಿಂಗಿನಲ್ಲಿ ನಿಲ್ಲಿಸಿ ಬೈದದ್ದು ದೊಡ್ಡವರು. ಹತ್ತು ವರ್ಷ "ಸತ್ಯವನ್ನೇ ನುಡಿ" ಅಂತ ಗೋಡೆ ಮೇಲೆ ಬರೆದಿದ್ದ ಶಾಲೆಯಲ್ಲೇ ಹನ್ನೊಂದನೇ ವರ್ಷ ಮಗುವಿಗೆ ಗೊತ್ತಾಗುತ್ತೆ, ಗೋಡೆ ಇರೋದು ಓದೋಕೆ, ಬದುಕೋಕೆ ಅಲ್ಲ ಅಂತ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಈ ಪಾಠವನ್ನು ಮಗು ಒಂದೇ ಸಲಕ್ಕೆ ಕಲಿಯುತ್ತೆ. ಯಾವ ಗೈಡೂ ಬೇಕಾಗಲ್ಲ.

ಶಾಲೆ ಅನ್ನೋದು ಬೆಳಿಗ್ಗೆ ಬೆಲ್ಲು ಹೊಡೆದಾಗಿನಿಂದ ಸಂಜೆವರೆಗೆ ನೀತಿ ಪಾಠ ಮಾಡ್ತಾನೇ ಇರುತ್ತೆ. ಮುಂದಿನ ಬೆಂಚಲ್ಲಿ ಯಾರು ಕೂರ್ತಾರೆ, ಹಿಂದಿನ ಬೆಂಚಿಗೆ ಯಾರು ಹೋಗ್ತಾರೆ ಅನ್ನೋದು ಒಂದು ಪಾಠ. ಕಸ ಗುಡಿಸೋಕೆ, ಶೌಚಾಲಯಕ್ಕೆ ನೀರು ಹಾಕೋಕೆ ಮೇಷ್ಟ್ರು ಯಾವ ಮಕ್ಕಳ ಹೆಸರು ಕರೀತಾರೆ ಅನ್ನೋದು ಇನ್ನೊಂದು. ಫೀಸು ಕಟ್ಟದ ಹುಡುಗನನ್ನು ಕ್ಲಾಸಿನ ಆಚೆ ನಿಲ್ಲಿಸೋದು ಮತ್ತೊಂದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ಮಕ್ಕಳಿಗೆ ಹೊಡೆಯೋದನ್ನೂ ಮಾನಸಿಕವಾಗಿ ಹಿಂಸಿಸೋದನ್ನೂ ನಿಷೇಧಿಸಿದೆ. ಬೆತ್ತ ಹಿಡಿದ ಮೇಷ್ಟ್ರು ಅಹಿಂಸೆಯ ಪಾಠ ಮಾಡಿದರೆ, ಮಗು ಗಾಂಧಿಯನ್ನು ನೋಡಲ್ಲ, ಬೆತ್ತವನ್ನು ನೋಡುತ್ತೆ.

2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಿಂದ ಬಂದ ಸುದ್ದಿ ನಿಮಗೆ ನೆನಪಿರಬೇಕು. ದಲಿತ ಮಕ್ಕಳನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸಿ ಸ್ವಚ್ಛ ಮಾಡಿಸಿದರು ಅಂತ ವಿಡಿಯೊ ಹೊರಬಂತು, ಪೊಲೀಸ್ ಕೇಸಾಯಿತು, ಶಾಲೆಯವರ ಬಂಧನವಾಯಿತು. ಅದಾಗುವ ಆರು ತಿಂಗಳ ಮುಂಚೆಯಷ್ಟೇ ಇದೇ ರಾಜ್ಯದಲ್ಲಿ ಪೀಠಿಕೆ ಓದುವ ತೀರ್ಮಾನ ಆಗಿತ್ತು. ಸಮಾನತೆ, ವ್ಯಕ್ತಿಗೌರವ ಅನ್ನೋ ಮಾತುಗಳೆಲ್ಲ ಅದರಲ್ಲಿವೆ. ಮಾತಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು, "ನಾವು ಇಳಿಯಲ್ಲ, ನೀವು ಹೇಳ್ತಿರೋದು ತಪ್ಪು" ಅಂತ ಮಕ್ಕಳು ಹೇಳಬಹುದಾದ ಒಂದು ಜಾಗಕ್ಕೆ. ದೊಡ್ಡವರ ಮಾತು ಕೇಳೋದೇ ದೊಡ್ಡ ಮೌಲ್ಯ ಅಂತ ಕಲಿಸಿದ ಶಾಲೆಯಲ್ಲಿ ಆ ಜಾಗ ಎಲ್ಲಿರುತ್ತೆ ಹೇಳಿ?

ನೀತಿ ಪಾಠದ ಪರ ಇರೋರು ಕೂಡಲೇ ಕತೆಗಳ ಮಾತೆತ್ತುತ್ತಾರೆ. ನಮ್ಮಲ್ಲಿ ಎಂಥೆಂಥ ಕತೆಗಳಿವೆ, ಅವನ್ನು ಹೇಳಿದರೆ ಸಾಕು ಅಂತ. ಹೌದು, ನಮ್ಮ ಕತೆಗಳು ಬಹಳ ದೊಡ್ಡವು. ನೀತಿ ಪಾಠದವರು ಅಂದುಕೊಂಡದ್ದಕ್ಕಿಂತ ದೊಡ್ಡವು. ಗೋವಿನ ಹಾಡನ್ನೇ ತಗೊಳ್ಳಿ. ಪುಣ್ಯಕೋಟಿ ಕೊಟ್ಟ ಮಾತು ಉಳಿಸಿಕೊಂಡಿತು, ಆದ್ದರಿಂದ ಮಕ್ಕಳೇ, ಸತ್ಯವನ್ನೇ ಹೇಳಿ ಅಂತ ಮುಗಿಸಿಬಿಡ್ತೀವಿ. ಆದರೆ ಆ ಪದ್ಯ ಪಾಠ ಮಾಡಿದ ಯಾವ ಮೇಷ್ಟ್ರನ್ನೇ ಕೇಳಿ, ಒಂದಲ್ಲ ಒಂದು ಮಗು ಎದ್ದು ನಿಲ್ಲುತ್ತೆ. ಹುಲಿ ಹಸಿದಿತ್ತಲ್ಲ ಸಾರ್, ಅದು ಇನ್ನೇನು ತಿನ್ನಬೇಕಿತ್ತು? ಹುಲಿ ಯಾಕೆ ಸಾಯಬೇಕಿತ್ತು, ಸುಮ್ಮನೆ ಬಿಟ್ಟು ಹೋಗಬಹುದಿತ್ತಲ್ಲ? ಕರುವನ್ನು ಒಂಟಿ ಮಾಡಿ ಮಾತು ಉಳಿಸಿಕೊಳ್ಳೋದು ಸರಿನಾ? ಇದರಲ್ಲಿ ಒಂದು ಪ್ರಶ್ನೆಯೂ ತಲೆಹರಟೆ ಅಲ್ಲ. ಮಾತಿಗೂ ಮಮತೆಗೂ ಜಗಳ ಬಂದಾಗ ಯಾವುದು ದೊಡ್ಡದು ಅನ್ನೋದು ದೊಡ್ಡವರಿಗೂ ಬಗೆಹರಿಯದ ಪ್ರಶ್ನೆ. ಕತೆಯ ಜೀವವೇ ಅಲ್ಲಿದೆ. ನಾವು ಏನು ಮಾಡ್ತೀವಿ? "ಕೂತ್ಕೋ, ಪರೀಕ್ಷೆಗೆ ಸಾರಾಂಶ ಬರೆಯೋದು ಕಲಿ" ಅಂತೀವಿ. ನೀತಿ ಹುಟ್ಟುತ್ತಿದ್ದ ಆ ಗಳಿಗೆಯನ್ನು ನೀತಿ ಪಾಠವೇ ಕೊಂದುಹಾಕುತ್ತೆ.

ಕಠೋಪನಿಷತ್ತಿನ ನಚಿಕೇತನನ್ನು ನೋಡಿ. ಅಪ್ಪ ಸರ್ವಸ್ವವನ್ನೂ ದಾನ ಮಾಡುವ ಯಜ್ಞ ಮಾಡ್ತಿದ್ದಾನೆ. ಕೊಡ್ತಿರೋದು ಹಾಲು ಬತ್ತಿದ ಮುದಿ ಹಸುಗಳನ್ನು. ಹುಡುಗನಿಗೆ ಅದು ಕಾಣುತ್ತೆ. ಇದು ದಾನ ಹೇಗಾಗುತ್ತೆ ಅನ್ನೋ ಕಳವಳ ಅವನಿಗೆ. ನನ್ನನ್ನು ಯಾರಿಗೆ ಕೊಡ್ತೀಯ ಅಂತ ಮತ್ತೆ ಮತ್ತೆ ಕೇಳ್ತಾನೆ. ಅಪ್ಪನಿಗೆ ಸಿಟ್ಟು ಬಂದು ಯಮನಿಗೆ ಕೊಟ್ಟೆ ಅಂತಾನೆ. ಅಂದರೆ ನಮ್ಮ ಪರಂಪರೆಯ ಅಷ್ಟು ದೊಡ್ಡ ತತ್ವಚರ್ಚೆ ಶುರುವಾಗಿದ್ದೇ ಒಬ್ಬ ಹುಡುಗ ತನ್ನ ಅಪ್ಪನ ಬೂಟಾಟಿಕೆಯನ್ನು ಕಂಡದ್ದರಿಂದ. ಇವತ್ತಿನ ಶಾಲೆಯಲ್ಲಿ ಅವನಿದ್ದಿದ್ದರೆ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಪೇರೆಂಟ್ಸನ್ನು ಕರೆಸ್ತಿದ್ರು.

ಇನ್ನು ಪ್ರಹ್ಲಾದ. ಅವನ ಕತೆ ಹೇಳದ ನೀತಿ ಪುಸ್ತಕ ಉಂಟೇ? ಆದರೆ ಆ ಕತೆ ಏನು? ಹಿರಣ್ಯಕಶಿಪು ತನಗೆ ಬೇಕಾದ ಮೌಲ್ಯಗಳನ್ನು ಮಗನಿಗೆ ಕಲಿಸಿ ಅಂತ ಶಂಡ, ಅಮರ್ಕ ಅನ್ನೋ ಇಬ್ಬರು ಮೇಷ್ಟ್ರನ್ನು ನೇಮಿಸ್ತಾನೆ. ಅವರು ಸಿಲೆಬಸ್ ಪ್ರಕಾರ ಕಲಿಸ್ತಾರೆ. ಹುಡುಗ ಕಲಿಯಲ್ಲ. ಮೇಷ್ಟ್ರು ಆ ಕಡೆ ಹೋದಾಗ ಜೊತೆಯ ಹುಡುಗರ ಹತ್ತಿರ ತನಗೆ ಸರಿ ಕಂಡದ್ದನ್ನು ಮಾತಾಡ್ತಾನೆ. ಆಳುವವನು ತನ್ನ ಮೌಲ್ಯವನ್ನು ಶಾಲೆಯ ಮೂಲಕ ಮಕ್ಕಳ ತಲೆಗೆ ತುಂಬೋಕೆ ಹೋಗಿ ಸೋತ ಕತೆ ಅದು. ಅದನ್ನೇ ನಾವು, ಆಳುವವರು ಗೊತ್ತುಮಾಡಿದ ನೀತಿ ಪಠ್ಯದಲ್ಲಿ ಸೇರಿಸಿ, ಕೊನೆಗೆ "ಹಿರಿಯರ ಮಾತು ಕೇಳಬೇಕು" ಅನ್ನೋ ಪಾಠದ ಪಕ್ಕದಲ್ಲೇ ಇಡ್ತೀವಿ!

ಇಷ್ಟು ಓದಿ ಕೆಲವರಿಗೆ ಖುಷಿಯಾಗಿರಬಹುದು. "ಅದನ್ನೇ ನಾವೂ ಹೇಳೋದು, ಮಕ್ಕಳಿಗೆ ಏನೂ ಹೇಳಬೇಡಿ, ಅವರಷ್ಟಕ್ಕೆ ಬಿಡಿ, ಅವರ ಮೌಲ್ಯವನ್ನು ಅವರೇ ಕಂಡುಕೊಳ್ತಾರೆ" ಅನ್ನೋ ಒಂದು ಗುಂಪಿದೆ. ಹೆಚ್ಚಾಗಿ ನಗರದವರು, ಓದಿಕೊಂಡವರು. ಅವರ ಜೊತೆಗೂ ನನಗೆ ಜಗಳ ಇದೆ.

ಮಗುವನ್ನು ಅದರಷ್ಟಕ್ಕೆ ಬಿಡೋದು ಅಂದರೆ ಎಲ್ಲಿ ಬಿಡ್ತೀರಿ? ಖಾಲಿ ಬಯಲಲ್ಲೇನೂ ಅಲ್ಲ. ನೀವು ಕೈಬಿಟ್ಟ ಗಳಿಗೆಯಲ್ಲೇ ಹಿಡಿದುಕೊಳ್ಳೋಕೆ ಹತ್ತು ಕೈ ಕಾದಿರುತ್ತವೆ. ಮೊಬೈಲಿನ ರೀಲ್ಸ್ ಇದೆ. ಜಾತಿಗೊಂದು ವಾಟ್ಸಾಪ್ ಗ್ರೂಪಿದೆ. ಮದುವೆ ಮನೆಯಲ್ಲಿ ಹುಡುಗಿಯ ಬಣ್ಣದ ಬಗ್ಗೆ ಮಾತಾಡುವ ಅತ್ತೆಯಂದಿರಿದ್ದಾರೆ. ರ್‍ಯಾಂಕ್ ಬಾರದವನು ಮನುಷ್ಯನೇ ಅಲ್ಲ ಅಂತ ಊರ ತುಂಬ ಫ್ಲೆಕ್ಸ್ ಹಾಕುವ ಕೋಚಿಂಗ್ ಸೆಂಟರುಗಳಿವೆ. ಇವರು ಯಾರೂ ಮಗು ದೊಡ್ಡದಾಗಲಿ, ಆಮೇಲೆ ಅದೇ ತೀರ್ಮಾನ ಮಾಡಲಿ ಅಂತ ಕಾಯಲ್ಲ. ಸುಮ್ಮನಿರುವ ಮೇಷ್ಟ್ರು ತಾನು ತಟಸ್ಥ ಅಂದುಕೊಂಡಿರ್ತಾನೆ. ಅಸಲಿಗೆ ಅವನು ಗಲಾಟೆ ಜಾಸ್ತಿ ಇರೋರಿಗೆ ಮೈಕು ಕೊಟ್ಟಿರ್ತಾನೆ.

ಇದನ್ನೂ ಅಮೆರಿಕದಲ್ಲಿ ಮಾಡಿ ನೋಡಿದ್ದಾರೆ. ಲೂಯಿ ರಾತ್ಸ್, ಮೆರಿಲ್ ಹಾರ್ಮಿನ್, ಸಿಡ್ನಿ ಸೈಮನ್ ಅನ್ನೋ ಮೂವರು 1966ರಲ್ಲಿ ಒಂದು ಪುಸ್ತಕ ಬರೆದರು. ಮೇಷ್ಟ್ರಾದವನು ಮೌಲ್ಯ ಹೇಳಿಕೊಡಬಾರದು, ಮಗುವಿಗೆ ತನ್ನ ಮೌಲ್ಯ ಯಾವುದು ಅಂತ ಸ್ಪಷ್ಟ ಮಾಡಿಕೊಳ್ಳೋಕೆ ಸಹಾಯ ಮಾಡಬೇಕು ಅಷ್ಟೇ ಅನ್ನೋದು ಅವರ ವಾದ. ಎಪ್ಪತ್ತರ ದಶಕದಲ್ಲಿ ಅದು ಅಲ್ಲಿನ ಶಾಲೆಗಳಲ್ಲಿ ದೊಡ್ಡ ಅಲೆಯಾಯಿತು. ಆದರೆ ಒಂದು ಸರಳ ಪ್ರಶ್ನೆ ಅದರ ಬೆನ್ನು ಹತ್ತಿತು. ಮಗು ಚೆನ್ನಾಗಿ ಯೋಚನೆ ಮಾಡಿ, ಸ್ಪಷ್ಟವಾಗಿ, ನನಗೆ ಆ ಬಣ್ಣದವರ ಪಕ್ಕ ಕೂರೋಕೆ ಇಷ್ಟ ಇಲ್ಲ ಅಂದರೆ? ಅದೂ ಒಂದು ಮೌಲ್ಯ ಅಂತ ಬರೆದುಕೊಂಡು ಮುಂದೆ ಹೋಗೋದಾ?

ಆ ಪ್ರಶ್ನೆ ನಮ್ಮಲ್ಲಿ ಇನ್ನೂ ಹತ್ತಿರದ್ದು. ಬಿಸಿಯೂಟವನ್ನು ದಲಿತ ಮಹಿಳೆ ಮಾಡಿದರು ಅಂತ ಮಕ್ಕಳನ್ನು ಊಟಕ್ಕೆ ಬಿಡದ ಅಪ್ಪ ಅಮ್ಮಂದಿರ ಸುದ್ದಿ ಈ ರಾಜ್ಯದಲ್ಲಿ ಮತ್ತೆ ಮತ್ತೆ ಬಂದಿದೆ. ಅಲ್ಲಿ ಮಗುವಿನ ಸ್ವಂತ ಆಯ್ಕೆ, ಮನೆಯ ಸಂಸ್ಕಾರ ಅಂತ ಶಾಲೆ ಕೈಕಟ್ಟಿ ಕೂರೋ ಹಾಗಿಲ್ಲ. ಅಸ್ಪೃಶ್ಯತೆ ಅಭಿಪ್ರಾಯ ಅಲ್ಲ, ಅಪರಾಧ. ಸಂವಿಧಾನದ 17ನೇ ವಿಧಿ ಅದನ್ನು ಚರ್ಚೆಗೆ ಬಿಟ್ಟಿಲ್ಲ. ಪಕ್ಕದವನ ತಟ್ಟೆ, ಪಕ್ಕದವನ ಮೈ, ಪಕ್ಕದವನ ಮಾನ, ಇವಿಷ್ಟು ಯಾರ ಓಟಿಗೂ ಸಿಗಬಾರದು. ಅದು ನೆಲ. ನೆಲ ಗಟ್ಟಿ ಇದ್ದರೆ ತಾನೇ ಮಕ್ಕಳು ಆಡೋಕಾಗೋದು?

ಹಾಗಾದರೆ ಮಾಡೋದೇನು? ಕಲಿಸಲೂ ಬೇಡ, ಬಿಡಲೂ ಬೇಡ ಅಂದರೆ?

ಮಕ್ಕಳು ಗೋಲಿ ಆಡೋದನ್ನು ನೋಡಿ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಇದನ್ನೇ ನೋಡ್ತಾ ಕೂತು 1932ರಲ್ಲಿ ಮಕ್ಕಳ ನೈತಿಕ ತೀರ್ಮಾನಗಳ ಬಗ್ಗೆ ಪುಸ್ತಕ ಬರೆದ. ಚಿಕ್ಕ ಮಕ್ಕಳು ಗೋಲಿಯಾಟದ ನಿಯಮವನ್ನು ದೊಡ್ಡವರು ಕೊಟ್ಟ, ಬದಲಾಯಿಸಲಾಗದ ಕಟ್ಟಳೆ ಅಂದುಕೊಂಡಿರ್ತಾರೆ. ಆದರೆ ಸಮಾನ ವಯಸ್ಸಿನವರ ಜೊತೆ ಆಡ್ತಾ, ಜಗಳ ಆಡ್ತಾ, ರಾಜಿ ಆಗ್ತಾ, ಹತ್ತು ಹನ್ನೊಂದು ವರ್ಷದ ಹೊತ್ತಿಗೆ ನಿಯಮ ಅಂದರೆ ನಾವೆಲ್ಲ ಸೇರಿ ಒಪ್ಪಿದ್ದು, ಆದ್ದರಿಂದಲೇ ಅದಕ್ಕೆ ಬೆಲೆ ಅನ್ನೋದು ಅವರಿಗೆ ತಿಳಿಯುತ್ತೆ ಅಂದ. ನಮ್ಮ ಲಗೋರಿ, ಚಿನ್ನಿದಾಂಡಿನಲ್ಲಿ ಆಗೋದೂ ಇದೇ ಅಲ್ವಾ? ಅಂಪೈರ್ ಇರಲ್ಲ. ಕಳ್ಳಾಟ ಆಡಿದವನನ್ನು ಆಟಕ್ಕೆ ಸೇರಿಸಲ್ಲ. ಸಣ್ಣವನು ಬಂದರೆ ಅವನಿಗೆ ಒಂದು ಚಾನ್ಸು ಜಾಸ್ತಿ. ನ್ಯಾಯ, ಕರುಣೆ ಎರಡೂ ಆ ಬಯಲಲ್ಲೇ ಇವೆ. ಪಿ.ಟಿ. ಪಿರಿಯಡ್ಡನ್ನು ಗಣಿತಕ್ಕೆ ಕೊಟ್ಟು, ನೀತಿಗೆ ಬೇರೆ ಪಿರಿಯಡ್ ಹುಡುಕ್ತಿದ್ದೀವಿ ನಾವು!

ಮಕ್ಕಳಿಗೆ ತೀರ್ಮಾನದ ಭಾರ ಕೊಟ್ಟ ಶಾಲೆಯ ಉದಾಹರಣೆಯೂ ಇದೆ. ಲಾರೆನ್ಸ್ ಕೋಲ್ಬರ್ಗ್ 1974ರಲ್ಲಿ ಅಮೆರಿಕದ ಕೇಂಬ್ರಿಜ್ ಊರಿನಲ್ಲಿ ಕ್ಲಸ್ಟರ್ ಸ್ಕೂಲ್ ಅನ್ನೋ ಸಣ್ಣ ಸರ್ಕಾರಿ ಪ್ರೌಢಶಾಲೆಯ ಜೊತೆ ಕೆಲಸ ಮಾಡಿದರು. ಅಲ್ಲಿ ವಾರದ ಸಭೆಯಲ್ಲಿ ಮೇಷ್ಟ್ರಿಗೂ ಒಂದು ಓಟು, ವಿದ್ಯಾರ್ಥಿಗೂ ಒಂದು ಓಟು. ಒಮ್ಮೆ ಒಬ್ಬಳ ಪರ್ಸಿನಿಂದ 9 ಡಾಲರ್ ಕಳುವಾಯಿತು. ಯಾರೂ ಒಪ್ಪಿಕೊಳ್ಳಲಿಲ್ಲ. ಮಕ್ಕಳು ಚರ್ಚೆ ಮಾಡಿದರು. ದುಡ್ಡು ವಾಪಸ್ಸು ಬರದಿದ್ದರೆ ಎಲ್ಲರೂ ತಲೆಗೆ 15 ಸೆಂಟ್ ಹಾಕಿ ತುಂಬಿಕೊಡೋಣ, ನಮ್ಮ ಶಾಲೆಯಲ್ಲಿ ಕಳುವಾದರೆ ಅದು ನಮ್ಮೆಲ್ಲರದ್ದು ಅನ್ನೋ ತೀರ್ಮಾನಕ್ಕೆ ಬಂದರು. ಕದಿಯಬಾರದು ಅಂತ ನೂರು ಸಲ ಬರೆಸಿದ್ದರೆ ಈ ಮಾತು ಹುಟ್ತಿತ್ತಾ?

ಅಷ್ಟು ದೂರ ಹೋಗೋದೇ ಬೇಡ. ನಮ್ಮ ಕುಂದಾಪುರ ತಾಲೂಕಿನಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತಿಗಳು ನಡೆದವು. ಮಕ್ಕಳೇ ಚುನಾವಣೆ ಮಾಡಿ, ಮಳೆಗಾಲದಲ್ಲಿ ತೋಡು ದಾಟೋಕೆ ಕಾಲುಸಂಕ ಇಲ್ಲ ಅನ್ನೋಂಥ ವಿಷಯಗಳನ್ನು ದೊಡ್ಡವರ ಪಂಚಾಯತಿಯ ಮುಂದೆ ಇಟ್ಟರು. ಇವತ್ತಿಗೂ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯಬೇಕು ಅನ್ನೋ ಪದ್ಧತಿ ಇದೆ. ಎಷ್ಟೋ ಕಡೆ ಅದು ಫೋಟೊ ತೆಗೆದು ಬಿಸ್ಕತ್ತು ಹಂಚೋದಕ್ಕೆ ಮುಗಿಯುತ್ತೆ. ಆದರೆ ಬಾಗಿಲಂತೂ ಇದೆಯಲ್ಲ.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳೂ ವಿಜಯಪುರವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದರು. ಬೇಡದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಒಬ್ಬ ಶಾಲಾ ಬಾಲಕಿ ಕ್ಯಾಮೆರಾ ಮುಂದೆ ನಿಂತು, ನಮಗೆ ಮೊಟ್ಟೆ ಬೇಕು, ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿಂತೀವಿ ಅಂದಳು. ಇಡೀ ರಾಜ್ಯ ಆ ವಿಡಿಯೊ ನೋಡಿತು. ದೊಡ್ಡವರ ಜೊತೆ ಹೀಗಾ ಮಾತಾಡೋದು, ಸಂಸ್ಕಾರ ಇಲ್ಲ ಅಂದವರೂ ಇದ್ದರು. ನನ್ನನ್ನು ಕೇಳಿದರೆ ಆ ವರ್ಷ ಈ ರಾಜ್ಯದಲ್ಲಿ ನಡೆದ ಅತ್ಯುತ್ತಮ ನೀತಿ ಪಾಠ ಅದು. ಹಸಿವು ಯಾರದ್ದು, ತೀರ್ಮಾನ ಯಾರದ್ದು ಅಂತ ಅವಳು ಕೇಳಿದ್ದು. ಮೊಟ್ಟೆ ತಿನ್ನದವರ ಮೇಲೆ ಅವಳೇನೂ ಮೊಟ್ಟೆ ಹೇರಲಿಲ್ಲ. ತನ್ನ ತಟ್ಟೆಯ ಪರವಾಗಿ ಮಾತಾಡಿದಳು. ಅವಳಿಗೆ ಇದನ್ನು ಯಾವ ಪಿರಿಯಡ್ಡಿನಲ್ಲಿ ಕಲಿಸಿದ್ರು?

ಆದ್ದರಿಂದ ನನ್ನ ಬೇಡಿಕೆ ಇದು. ನೀತಿಗೆ ವಾರಕ್ಕೊಂದು ಪಿರಿಯಡ್ ಕೊಡಲೇಬೇಕು ಅಂತಿದ್ದರೆ, ಕೊಡಿ. ಆದರೆ ಪುಸ್ತಕ ತರಬೇಡಿ. ಆ ನಲವತ್ತು ನಿಮಿಷ ತರಗತಿಯ ಸಭೆ ಆಗಲಿ. ವಿಷಯ ಅವರ ಶಾಲೆಯದ್ದೇ ಆಗಿರಲಿ: ಶೌಚಾಲಯ ಯಾರು ತೊಳೆಯಬೇಕು, ಹಿಂದಿನ ಬೆಂಚು ಯಾರಿಗೆ, ಪೆನ್ಸಿಲ್ ಬಾಕ್ಸ್ ಕಳೆದುಹೋದರೆ ಏನು ಮಾಡೋದು, ಹುಡುಗಿಯರಿಗೆ ಮೈದಾನ ಯಾವಾಗ. ಮಕ್ಕಳು ತೀರ್ಮಾನ ಮಾಡಿದ್ದು ಜಾರಿಯಾಗಲಿ. ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಹೆಡ್ಮಾಸ್ಟರು ಬೋರ್ಡಿನ ಮೇಲೆ ಕಾರಣ ಬರೆಯಲಿ. ತಡವಾಗಿ ಬಂದ ಹುಡುಗನಿಗೆ ಇರೋ ನಿಯಮ ತಡವಾಗಿ ಬಂದ ಮೇಷ್ಟ್ರಿಗೂ ಇರಲಿ. ಮೇಷ್ಟ್ರು ಸುಮ್ಮನೆ ಕೂರಬೇಕಾಗಿಲ್ಲ. ತನಗೆ ಯಾವುದು ಸರಿ ಅನ್ನಿಸುತ್ತೆ, ಯಾಕೆ ಅನ್ನಿಸುತ್ತೆ ಅಂತ ಹೇಳಲಿ. ಮಕ್ಕಳು ಅದನ್ನು ಒಪ್ಪದಿರೋಕೂ ಜಾಗ ಇರಲಿ. ಜಾತಿ, ಧರ್ಮ, ಲಿಂಗದ ಹೆಸರಿನಲ್ಲಿ ಯಾರನ್ನೂ ಕೀಳು ಮಾಡೋ ತೀರ್ಮಾನ ಮಾತ್ರ ಓಟಿಗೆ ಬರೋ ಹಾಗಿಲ್ಲ. ಅಷ್ಟೇ.

ನಮ್ಮಲ್ಲಿ ಶಾಲಾ ಸಂಸತ್ತು ಅಂತ ಈಗಾಗಲೇ ಇದೆ ಅಂತೀರಿ. ಇದೆ. ನೀರಿನ ಮಂತ್ರಿ ಕೊಡ ತುಂಬಿಸ್ತಾನೆ, ಸ್ವಚ್ಛತಾ ಮಂತ್ರಿ ಕಸ ಎತ್ತುತ್ತಾನೆ, ಪ್ರಧಾನಮಂತ್ರಿ ಪ್ರಾರ್ಥನೆಗೆ ಸಾಲು ನಿಲ್ಲಿಸ್ತಾನೆ. ಕೆಲಸ ಹಂಚಿಕೆಗೆ ಸಂಸತ್ತು ಅಂತ ಹೆಸರಿಟ್ಟಿದ್ದೀವಿ. ಒಂದೇ ಒಂದು ಪ್ರಶ್ನೆ ಕೇಳುವ ಅಧಿಕಾರ ಆ ಮಂತ್ರಿಗಳಿಗಿಲ್ಲ.

ಮಕ್ಕಳಿಗೆ ಇಷ್ಟು ಸಲಿಗೆ ಕೊಟ್ಟರೆ ತಲೆ ಮೇಲೆ ಕೂರ್ತಾರೆ ಅನ್ನೋರಿಗೆ ಒಂದು ಮಾತು. ಕಾರಣ ಕೇಳಿದ ಮಗುವಿಗೆ ಕಾರಣ ಕೊಟ್ಟರೆ ಅದು ತಲೆ ಮೇಲೆ ಕೂರಲ್ಲ, ಎದುರಿಗೆ ಕೂರುತ್ತೆ. ಎದುರಿಗೆ ಕೂತ ಮಗುವಿನ ಕಣ್ಣು ನೋಡಿ ಮಾತಾಡೋದು ಕಷ್ಟ, ನಿಜ. ಮೇಷ್ಟ್ರುಗಳ ಕಷ್ಟವೂ ನನಗೆ ಗೊತ್ತಿದೆ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಇವುಗಳ ಮಧ್ಯೆ ಪಾಠಕ್ಕೇ ಪುರುಸೊತ್ತಿಲ್ಲ. ಅವರ ಮೇಲೆ ಇನ್ನೊಂದು ನೀತಿ ಪುಸ್ತಕ ಹೇರೋದಕ್ಕಿಂತ, ಇರೋ ಹೊರೆಯಲ್ಲಿ ಎರಡನ್ನು ಇಳಿಸಿ, ಮಕ್ಕಳ ಜೊತೆ ಮಾತಾಡೋಕೆ ಬಿಡುವು ಕೊಡೋದು ಸರ್ಕಾರದ ನೀತಿ ಆಗಲಿ.

ನಿಮ್ಮೂರಿನ ಶಾಲೆಯಲ್ಲಿ ಎಸ್‌ಡಿಎಂಸಿ ಸಭೆ ನಡೆಯುತ್ತಲ್ಲ, ಈ ಸಲ ಹೋಗಿ. ಕಾಂಪೌಂಡು, ಬಣ್ಣ, ಬಾವುಟದ ಕಂಬ ಎಲ್ಲ ಮಾತಾಡಿ ಮುಗಿದ ಮೇಲೆ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ. "ಈ ವರ್ಷ ನಮ್ಮ ಮಕ್ಕಳು ಕೇಳಿದ್ದರಿಂದ ಈ ಶಾಲೆಯಲ್ಲಿ ಬದಲಾದದ್ದು ಏನು?" ಒಂದಾದರೂ ಉತ್ತರ ಬಂತೋ, ಆ ಶಾಲೆಗೆ ನೀತಿ ಪಾಠ ಬೇಕಾಗಿಲ್ಲ. ಬರಲಿಲ್ಲವೋ, ಪುಸ್ತಕದ ಆರ್ಡರ್ ಹಾಕೋಕೆ ಮುಂಚೆ ಆ ಪ್ರಶ್ನೆಯನ್ನು ಮುಂದಿನ ಸಭೆಯ ಮೊದಲ ವಿಷಯ ಅಂತ ಬರೆಸಿ ಬನ್ನಿ.